ಒಂದೇ ಕೋಣೆ, ಹದಿನಾಲ್ಕು ಮಕ್ಕಳು, ಮೇಷ್ಟ್ರು ಎಷ್ಟು ಮಂದಿ?



ಅಣ್ಣಾನಗರದ ಕೇಳುಗರೊಬ್ಬರು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಪತ್ರ ಬರೆದಿದ್ದಾರೆ. ಈ ಬಾರಿ ಹಾಡು ಬೇಕೆಂದು ಕೇಳಿಲ್ಲ. ತಾವಿರುವ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ಅವರು ಕನ್ನಡ ತರಗತಿ ನಡೆಸುತ್ತಾರಂತೆ. ಶುರುವಾದಾಗ ಹದಿನಾಲ್ಕು ಮಕ್ಕಳು. ಚಿಕ್ಕವನಿಗೆ ಆರು ವರ್ಷ, ದೊಡ್ಡವಳಿಗೆ ಹದಿಮೂರು. ಒಬ್ಬ ಹುಡುಗ ಹೋದ ವರ್ಷ ಹುಬ್ಬಳ್ಳಿಯಿಂದ ಬಂದವನು. ಮಾತು ಪಟಪಟ, ಅಕ್ಷರ ಮಾತ್ರ ಒಂದೂ ಬಾರದು. ಇನ್ನೊಬ್ಬ ಹುಡುಗಿ ಇಲ್ಲೇ ಹುಟ್ಟಿದವಳು. ಕಾಗುಣಿತ ತಪ್ಪಿಲ್ಲದೆ ಬರೆಯುತ್ತಾಳೆ, ಆದರೆ "ಊಟ ಆಯ್ತಾ?" ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ!

"ಚಿಕ್ಕವರಿಗೆ ಹೇಳಿಕೊಡುತ್ತ ಕೂತರೆ ದೊಡ್ಡವರು ಮೊಬೈಲ್ ತೆಗೆಯುತ್ತಾರೆ. ದೊಡ್ಡವರ ಕಡೆ ತಿರುಗಿದರೆ ಚಿಕ್ಕವರು ಲಿಫ್ಟಿನಲ್ಲಿ ಆಡಲು ಓಡುತ್ತಾರೆ. ಈಗಾಗಲೇ ಮೂವರು ಬಿಟ್ಟುಹೋದರು. ದೀಪಾವಳಿ ಹೊತ್ತಿಗೆ ತರಗತಿಯೇ ಇರುತ್ತದೋ ಇಲ್ಲವೋ. ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿ ಒಂದಿದೆಯಂತಲ್ಲ, ಅದೇನೆಂದು ತಿಳಿಸುತ್ತೀರಾ?" ಎಂದು ಅವರು ಕೇಳಿದ್ದಾರೆ.

ಇಂಥ ತರಗತಿ ಚೆನ್ನೈಯಲ್ಲಿ ಮಾತ್ರ ನಡೆಯುವುದಲ್ಲ. ಪುಣೆ, ಹೈದರಾಬಾದ್, ದೆಹಲಿಯಲ್ಲಿರುವ ನಮ್ಮ ನೆಂಟರಿಷ್ಟರೂ ಇದೇ ಕಷ್ಟ ಹೇಳಿಕೊಳ್ಳುತ್ತಾರೆ. ಹಾಗಾಗಿ ಉತ್ತರವನ್ನು ಎಲ್ಲರಿಗೂ ಸಲ್ಲುವಂತೆ ಇಲ್ಲಿ ಬರೆಯುತ್ತಿದ್ದೇವೆ. ಅವರು ಕೇಳಿದ ಪದ್ಧತಿ ಪುಸ್ತಕಗಳಲ್ಲಿ ಹೆಸರು ಪಡೆದದ್ದು ನಮ್ಮ ಎಗ್ಮೋರಿನಿಂದಲೇ ಎಂದರೆ ನಂಬುತ್ತೀರಾ?

ಎಗ್ಮೋರಿನಲ್ಲಿ ಆಗ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಒಂದು ಆಶ್ರಮವಿತ್ತು. 1789ರಲ್ಲಿ ಅದರ ಮೇಲ್ವಿಚಾರಣೆಗೆ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಬಂದರು. ಮೇಷ್ಟರುಗಳ ಕೆಲಸ ಅವರಿಗೆ ಹಿಡಿಸಲಿಲ್ಲ. ವರ್ಷಗಟ್ಟಲೆ ಕಲಿತರೂ ಮಕ್ಕಳಿಗೆ ಅಕ್ಷರ ಹತ್ತುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಊರಿನ ಜಗಲಿ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡರು. ತಮಿಳಿನಲ್ಲಿ ಇದಕ್ಕೆ ತಿಣ್ಣೈ ಶಾಲೆ ಎನ್ನುತ್ತಾರೆ. ಬೆಲ್ ವಾಪಸು ಬಂದು ನಮ್ಮಲ್ಲೂ ಹೀಗೆ ಮಾಡಿ ಎಂದರೆ ಮೇಷ್ಟರುಗಳು ಆಗುವುದೇ ಇಲ್ಲ ಎಂದುಬಿಟ್ಟರು. ಆಗ ಬೆಲ್ ಅಕ್ಷರದ ತರಗತಿಯನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಕೊಟ್ಟರು. ಮೇಷ್ಟರಿಂದ ಆಗದ್ದು ಹುಡುಗನಿಂದ ಆಯಿತು! ಕ್ರಮೇಣ ಒಂದೊಂದೇ ತರಗತಿ ಹುಡುಗರ ಕೈಗೆ ಬಂತು. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ಪದ್ಧತಿಗೆ 'ಮದ್ರಾಸ್ ಸಿಸ್ಟಂ' ಎಂದೇ ಹೆಸರಾಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನಲ್ಲಿ ಬೆಲ್ ಬಿಟ್ಟುಹೋದ ಹಣದಿಂದ ಕಟ್ಟಿದ 'ಮದ್ರಾಸ್ ಕಾಲೇಜ್' ಎಂಬ ಶಾಲೆ ಇಂದಿಗೂ ಇದೆ.

ಆದರೆ ಬೆಲ್ ಕಂಡದ್ದು ಹೊಸದೇನಲ್ಲ. ನಮ್ಮ ಕಡೆಯ ಕೂಲಿಮಠಗಳಲ್ಲಿ, ಐಗಳ ಮಠಗಳಲ್ಲಿ ಅಜ್ಜ ಮುತ್ತಜ್ಜಂದಿರು ಕಲಿತದ್ದೇ ಹೀಗೆ. ಇದಕ್ಕೆ ಬರವಣಿಗೆಯ ಸಾಕ್ಷಿ ಸಿಗುವುದು ಬಳ್ಳಾರಿಯಲ್ಲಿ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಊರೂರಿನ ಶಾಲೆಗಳ ಲೆಕ್ಕ ಕೊಡಿ ಎಂದು ಜಿಲ್ಲಾ ಕಲೆಕ್ಟರುಗಳಿಗೆ ಆದೇಶ ಕಳುಹಿಸಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಭಾಷೆಯಲ್ಲಿ ಆಸಕ್ತಿ ಇದ್ದವರು, ತೆಲುಗು ವ್ಯಾಕರಣ ಬರೆದವರು. ಉಳಿದ ಕಲೆಕ್ಟರುಗಳು ಬಹುಪಾಲು ಅಂಕಿಸಂಖ್ಯೆಯ ಪಟ್ಟಿಯಲ್ಲೇ ಮುಗಿಸಿದರೆ ಇವರು ಶಾಲೆ ಹೇಗೆ ನಡೆಯುತ್ತದೆಂದು 1823ರ ಆಗಸ್ಟಿನಲ್ಲಿ ವಿವರವಾಗಿ ಬರೆದು ಕಳಿಸಿದರು. ಅವರ ಲೆಕ್ಕದಲ್ಲಿ ಜಿಲ್ಲೆಯಲ್ಲಿ 533 ಶಾಲೆ. ಅದರಲ್ಲಿ ಕನ್ನಡದವು 235, ತೆಲುಗಿನವು 226, ಮಿಕ್ಕವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು.

ಬೆಳಗಿನ ದೃಶ್ಯವನ್ನು ಕ್ಯಾಂಪ್‌ಬೆಲ್ ಬರೆದಿರುವುದು ಸೊಗಸಾಗಿದೆ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನಿಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಬೆತ್ತದಿಂದ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತಾ ಹೋಗುತ್ತದೆ. (ತಡವಾಗಿ ಏಳುವ ನಮ್ಮಂಥವರ ಗತಿ ಏನಾಗುತ್ತಿತ್ತೋ!) ಆಮೇಲೆ ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಗುಂಪು ಮಾಡುತ್ತಾರೆ. ಕೆಳಗಿನ ಗುಂಪುಗಳನ್ನು ಮುಂದಿರುವ ಹುಡುಗರು ನೋಡಿಕೊಳ್ಳುತ್ತಾರೆ, ಮೇಲಿನ ಗುಂಪುಗಳನ್ನು ಐಗಳು ನೋಡಿಕೊಳ್ಳುತ್ತಾರೆ, ಜೊತೆಗೆ ಎಲ್ಲರ ಮೇಲೂ ಅವರದೊಂದು ಕಣ್ಣು. ಕಡಿಮೆ ಖರ್ಚಿನಲ್ಲಿ ಬರವಣಿಗೆ ಕಲಿಸುವುದು, ಮುಂದಿರುವವರು ಹಿಂದಿರುವವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವುದು, ಇವೆರಡನ್ನೂ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದರು. ಇಂಗ್ಲೆಂಡಿನವರು ಇದನ್ನು ನಕಲು ಮಾಡಿದ್ದು ಸರಿಯಾಗಿದೆ ಎಂದೂ ಬರೆದರು.

ಹೆಮ್ಮೆಯ ಮಾತು, ನಿಜ. ಆದರೆ ಆ ವರದಿಯನ್ನು ಹೆಮ್ಮೆ ಪಡುವಷ್ಟಕ್ಕೆ ಓದಿ ಮಡಚಿಡುವವರೇ ಹೆಚ್ಚು. ಅದರಲ್ಲೇ ಕ್ಯಾಂಪ್‌ಬೆಲ್ ಇನ್ನೊಂದು ವಿಷಯ ಹೇಳಿದ್ದಾರೆ. ಮಕ್ಕಳು ಕಲಿಯುವ ಪದ್ಯಗಳ ಭಾಷೆ ಅವರು ಆಡುವ ಭಾಷೆಗಿಂತ ಬಹಳ ದೂರ. ಸಾಲುಸಾಲು ಬಾಯಿಗೆ ಬರುತ್ತದೆ, ಅರ್ಥ ಮಾತ್ರ ತಿಳಿಯದು. ಎಷ್ಟೋ ಕಡೆ ಕಲಿಸುವವರಿಗೂ ತಿಳಿಯದು. ಅಂದರೆ ಗಿಳಿಪಾಠ. ದೊಡ್ಡ ಗಿಳಿ ಸಣ್ಣ ಗಿಳಿಗೆ ಕಲಿಸಿದ ಮಾತ್ರಕ್ಕೆ ಪಾಠ ಬದಲಾಗುವುದಿಲ್ಲವಲ್ಲ. ಇನ್ನೊಂದು ಅಂಕಿಯನ್ನೂ ಮರೆಯಬಾರದು: 6,641 ವಿದ್ಯಾರ್ಥಿಗಳ ಪೈಕಿ ಲೆಕ್ಕಕ್ಕೆ ಸಿಕ್ಕ ಹೆಣ್ಣುಮಕ್ಕಳು ಬರೀ 60.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಇನ್ನೂ ಕೆಟ್ಟಿತು. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬುವರು 1798ರಲ್ಲಿ ಬಡಮಕ್ಕಳ ಶಾಲೆ ತೆರೆದು ಹೆಚ್ಚುಕಡಿಮೆ ಇದೇ ಕ್ರಮ ಅನುಸರಿಸಿದರು. ಮೊದಲು ಕಂಡುಹಿಡಿದವರು ಯಾರು ಎಂದು ಬೆಲ್ ಕಡೆಯವರಿಗೂ ಲ್ಯಾಂಕಾಸ್ಟರ್ ಕಡೆಯವರಿಗೂ ಜಗಳವೋ ಜಗಳ. ಬಳ್ಳಾರಿಯ ಐಗಳನ್ನು ಕೇಳಿದವರು ಯಾರೂ ಇಲ್ಲ ಬಿಡಿ. ಒಂದೇ ಹಜಾರದಲ್ಲಿ ನೂರಾರು ಮಕ್ಕಳು, ಎತ್ತರದಲ್ಲಿ ಒಬ್ಬ ಮೇಷ್ಟರು, ಸಾಲಿಗೊಬ್ಬ ಮಾನಿಟರ್. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಕೂರಬೇಕು. ತಪ್ಪು ಮಾಡಿದ ಹುಡುಗನ ಕೊರಳಿಗೆ ಮರದ ದಿಮ್ಮಿ ಕಟ್ಟುವುದು, ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ಏರಿಸುವುದೂ ಇತ್ತು. ಹಣ ಕೊಡುವವರಿಗೆ ಒಂದೇ ಸಂತೋಷ: ಒಬ್ಬ ಮೇಷ್ಟರ ಸಂಬಳದಲ್ಲಿ ಇಡೀ ಶಾಲೆ ನಡೆಯುತ್ತಿತ್ತು. ಮಾನಿಟರಿಗೆ ತಾನು ಕಲಿತ ಸಾಲನ್ನು ಒಪ್ಪಿಸಿ, ಒಪ್ಪಿಸಿಕೊಳ್ಳುವ ಕೆಲಸ ಬಿಟ್ಟರೆ ಬೇರೇನೂ ಇರಲಿಲ್ಲ. ಯಾರಾದರೂ "ಯಾಕೆ?" ಎಂದು ಕೇಳಿದರೆ ಅವನ ಬಳಿ ಉತ್ತರವಿರಲಿಲ್ಲ. ನಾಲ್ಕೈದು ದಶಕಗಳಲ್ಲಿ ಇಂಗ್ಲೆಂಡೇ ಇದನ್ನು ಬದಿಗಿಟ್ಟು, ಮೇಷ್ಟರುಗಳಿಗೆ ತರಬೇತಿ ಕೊಡುವ ದಾರಿ ಹಿಡಿಯಿತು.

ಹಾಗಾದರೆ ಮಕ್ಕಳಿಂದ ಮಕ್ಕಳು ಕಲಿಯುವುದು ಸುಳ್ಳೇ? ಖಂಡಿತ ಅಲ್ಲ. ಇದು ಮತ್ತೆ ತಲೆ ಎತ್ತಿದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಂಥ ಶ್ರೀಮಂತ ಜಾಗದಲ್ಲಿ. ಅಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕ ಬಿಡಿಸುತ್ತಿದ್ದರು. ಆದರೆ ಭಾರವಾದ ಲಾರಿಯೂ ಹಗುರವಾದ ಕಾರೂ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂಥ ಸರಳ ಪ್ರಶ್ನೆಗೆ ತಡವರಿಸುತ್ತಿದ್ದರು. (ಎರಡೂ ಸಮ ಬಲ ಹಾಕುತ್ತವೆ, ನ್ಯೂಟನ್ನನ ಮೂರನೇ ನಿಯಮ.) ಮೇಷ್ಟರು ಎರಡು ಸಲ, ಮೂರು ಸಲ ವಿವರಿಸಿದರೂ ಗೊಂದಲ ಹೋಗಲಿಲ್ಲ. ಸೋತು, "ಪಕ್ಕದವರ ಜೊತೆ ಮಾತಾಡಿಕೊಳ್ಳಿ" ಎಂದರು. ಕೆಲವೇ ನಿಮಿಷಗಳಲ್ಲಿ ಗೊಂದಲ ಬಗೆಹರಿಯಿತು! 1991ರಿಂದ ಅವರು ಇದನ್ನೇ ಪಾಠದ ಕ್ರಮ ಮಾಡಿಕೊಂಡರು. ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಹೇಳುವುದು, ಬೇರೆ ಉತ್ತರ ಹೇಳಿದ ನೆರೆಯವರೊಡನೆ ವಾದಿಸುವುದು, ಮತ್ತೆ ಉತ್ತರ ಹೇಳುವುದು.

ಮಜೂರ್ ಕೊಡುವ ಕಾರಣ ಮನೆಯಲ್ಲಿ ಅಕ್ಕ ತಮ್ಮನಿಗೆ ಲೆಕ್ಕ ಹೇಳಿಕೊಡುವುದನ್ನು ನೋಡಿದವರಿಗೆಲ್ಲ ಗೊತ್ತಿರುವುದೇ. ನಿನ್ನೆಯಷ್ಟೇ ಅರ್ಥಮಾಡಿಕೊಂಡವಳಿಗೆ ತಾನು ಎಲ್ಲಿ ಎಡವಿದ್ದೆ ಎಂಬುದು ನೆನಪಿರುತ್ತದೆ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಆ ಎಡವಿದ ಜಾಗವೇ ಮರೆತುಹೋಗಿರುತ್ತದೆ. ಕಲಿಸುವವಳಿಗೂ ಲಾಭವಿದೆ. ಬಾಯಿಬಿಟ್ಟು ಹೇಳಲು ಹೊರಟಾಗಲೇ ತನಗೆ ಯಾವುದು ಸರಿಯಾಗಿ ಗೊತ್ತಿಲ್ಲ ಎಂದು ತಿಳಿಯುವುದು. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನವೊಂದು ಇನ್ನೂ ಸ್ವಾರಸ್ಯಕರ. ಗುಂಪಿನಲ್ಲಿ ಯಾರೊಬ್ಬರಿಗೂ ಮೊದಲು ಸರಿ ಉತ್ತರ ಗೊತ್ತಿಲ್ಲದಿದ್ದರೂ ಚರ್ಚೆಯಾದ ಮೇಲೆ ಸರಿ ಉತ್ತರ ಹೇಳುವವರು ಹೆಚ್ಚಾದರಂತೆ. ಅಂದರೆ ಜಾಣ ಹೇಳಿದ್ದನ್ನು ಉಳಿದವರು ಕಾಪಿ ಹೊಡೆದದ್ದಲ್ಲ, ಮಾತಾಡುತ್ತಲೇ ತಿಳಿವಳಿಕೆ ಹುಟ್ಟಿದೆ. ಲಂಡನ್ನಿನ ಹಜಾರದಲ್ಲಿ ಇಲ್ಲದೆ ಹೋದದ್ದು ಈ ಮಾತೇ.

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಅಂದರೆ ಎಚ್.ಡಿ. ಕೋಟೆ, ಕಬಿನಿ ಹಿನ್ನೀರಿನ, ಕಾಡಂಚಿನ ತಾಲ್ಲೂಕು. ಹಾಡಿಗಳ ಮಕ್ಕಳು ಅಪ್ಪ ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋದರೆ ವಾರಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ವಾಪಸು ಬಂದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಒಬ್ಬರೋ ಇಬ್ಬರೋ ಮೇಷ್ಟರು, ಎಲ್ಲಾ ತರಗತಿಯೂ ಒಂದೇ ಕೋಣೆಯಲ್ಲಿ. ಅಣ್ಣಾನಗರದ ಭಾನುವಾರದ ತರಗತಿಯ ಕಷ್ಟವೇ ಅಲ್ಲಿ ವಾರಪೂರ್ತಿ ಇತ್ತು ಎನ್ನಿ.

ಆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟರುಗಳು ಆಂಧ್ರದ ಮದನಪಲ್ಲೆಯ ಬಳಿ ಇರುವ ಋಷಿ ವ್ಯಾಲಿಗೆ ಹೋಗಿ ಬಂದರು. ಜಿಡ್ಡು ಕೃಷ್ಣಮೂರ್ತಿಯವರು ಕಟ್ಟಿದ ಆ ಸಂಸ್ಥೆಯವರು ಸುತ್ತಲ ಹಳ್ಳಿಗಳಲ್ಲಿ ನಡೆಸುತ್ತಿದ್ದ ಸಣ್ಣ ಶಾಲೆಗಳಲ್ಲಿ ಪಠ್ಯವನ್ನು ಕಾರ್ಡುಗಳಾಗಿ ಬಿಡಿಸಿ, ಏಣಿಯ ಮೆಟ್ಟಿಲಿನಂತೆ ಜೋಡಿಸಿದ್ದರು. ನೋಡಿ ಬಂದವರು ತಮ್ಮೂರಿನ ಹಾಡು, ಕತೆ, ಆಟ ಸೇರಿಸಿ ಕನ್ನಡದಲ್ಲಿ ತಾವೇ ಕಾರ್ಡು ತಯಾರಿಸಿದರು. ಯುನಿಸೆಫ್ ನೆರವಿನಿಂದ 1995ರಲ್ಲಿ ಶುರುವಾದ ಅದಕ್ಕೆ 'ನಲಿ-ಕಲಿ' ಎಂದು ಹೆಸರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಬಂತು.

ಊರಿಗೆ ಹೋದಾಗ ಒಮ್ಮೆ ಇಂಥ ತರಗತಿ ನೋಡಿ. ಬೆಂಚು ಇಲ್ಲ, ಮಕ್ಕಳು ನೆಲದ ಮೇಲೆ ಐದು ಗುಂಪಾಗಿ ದುಂಡಗೆ ಕೂತಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವಂತೆ ಕಪ್ಪುಹಲಗೆ. ಗೋಡೆಯ ಮೇಲೆ ಕಲಿಕಾ ಏಣಿ. ಮಗು ಬಂದ ಕೂಡಲೇ ಏಣಿಯಲ್ಲಿ ತಾನು ಎಲ್ಲಿದ್ದೇನೆ ಎಂದು ತಾನೇ ನೋಡಿಕೊಂಡು, ಆ ಮೆಟ್ಟಿಲಿನ ಚಿತ್ರ ಇರುವ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳ ವಿಂಗಡಣೆಯಲ್ಲೇ ಜಾಣತನವಿದೆ. ಹೊಸ ವಿಷಯ ಮೊದಲ ಸಲ ಕಲಿಯುವವರು ಮೇಷ್ಟರ ಪೂರ್ಣ ನೆರವಿನ ಗುಂಪಿನಲ್ಲಿ. ಸ್ವಲ್ಪ ಹಿಡಿತ ಬಂದವರು ಮೇಷ್ಟರ ಭಾಗಶಃ ನೆರವಿನ ಗುಂಪಿನಲ್ಲಿ. ಆಮೇಲೆ ಸಹಪಾಠಿಗಳ ಪೂರ್ಣ ನೆರವಿನ ಗುಂಪು, ಸಹಪಾಠಿಗಳ ಭಾಗಶಃ ನೆರವಿನ ಗುಂಪು, ಕೊನೆಗೆ ಯಾರ ನೆರವೂ ಬೇಡದ ಸ್ವಕಲಿಕೆಯ ಗುಂಪು. ಒಂದೇ ಮಗು ಒಂದೇ ವಾರದಲ್ಲಿ ಈ ಎಲ್ಲಾ ಗುಂಪುಗಳನ್ನೂ ಸುತ್ತಿ ಬರಬಹುದು. ಕನ್ನಡದಲ್ಲಿ ಇನ್ನೊಬ್ಬನಿಗೆ ಹೇಳಿಕೊಡುವವನು ಗಣಿತದಲ್ಲಿ ಅವನಿಂದಲೇ ಹೇಳಿಸಿಕೊಳ್ಳಬಹುದು. ಯಾರ ಹಣೆಯ ಮೇಲೂ ಜಾಣ, ದಡ್ಡ ಎಂಬ ಚೀಟಿ ಅಂಟುವುದಿಲ್ಲ. ಕಾಫಿ ತೋಟದಿಂದ ಒಂದು ತಿಂಗಳ ಮೇಲೆ ಬಂದವಳು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಾಳೆ.

ಅಕ್ಷರದ ಕ್ರಮವೂ ಬೇರೆ. ಅ ಆ ಇ ಈ ಇಂದ ಶುರುಮಾಡುವುದಿಲ್ಲ. ಮೊದಲ ಮೆಟ್ಟಿಲಿನಲ್ಲಿ ಬರುವವು ರ, ಗ, ಸ, ದ, ಅ. ಬರೆಯಲು ಸುಲಭ, ಜೊತೆಗೆ ಐದೇ ಅಕ್ಷರ ಬಂದರೂ ಪದ ಓದಬಹುದು: ಸರ, ದರ, ಅರಸ, ಅಗಸ, ಗರಗಸ! ಐವತ್ತು ಅಕ್ಷರ ಮುಗಿಸುವ ತನಕ ಕಾಯದೆ ಮೊದಲ ವಾರದಲ್ಲೇ ಮಗು ಓದಿಬಿಡುತ್ತದೆ. ಇನ್ನೊಬ್ಬರಿಗೆ ಹೇಳಿಕೊಡುವುದಕ್ಕೂ ಆಗಲೇ ಅದರ ಕೈಯಲ್ಲಿ ಏನೋ ಒಂದು ಇರುತ್ತದೆ.

ಎಲ್ಲವೂ ಚೆಂದವೇ? ಇಲ್ಲ. "ಪುಸ್ತಕವೂ ಇಲ್ಲ, ಮನೆಪಾಠವೂ ಇಲ್ಲ, ಬರೀ ಆಟ" ಎಂದು ತಂದೆತಾಯಿ ಗೊಣಗುವುದುಂಟು. ಎಚ್.ಡಿ. ಕೋಟೆಯವರು ತಾವೇ ಯೋಚಿಸಿ ಮಾಡಿದ ಕಾರ್ಡಿಗೂ ಮೇಲಿನಿಂದ ಅಚ್ಚಾಗಿ ಬಂದ ಕಾರ್ಡಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಮಕ್ಕಳ ಸಂಖ್ಯೆ ಹೆಚ್ಚಾಗಿ ಮೇಷ್ಟರು ಮೊದಲ ಗುಂಪಿನಲ್ಲೇ ಸಿಕ್ಕಿಬಿದ್ದರೆ ಉಳಿದ ಗುಂಪುಗಳಲ್ಲಿ ಕಾರ್ಡು ಕೈಯಲ್ಲಿ, ಕಣ್ಣು ಕಿಟಕಿಯಲ್ಲಿ. ಮಕ್ಕಳು ತಾವೇ ಕಲಿಯುತ್ತಾರೆ ಎಂದರೆ ದೊಡ್ಡವರಿಗೆ ಬಿಡುವು ಎಂದು ತಿಳಿಯುವುದೇ ಇದರಲ್ಲಿ ದೊಡ್ಡ ಅಪಾಯ. ದೆಹಲಿಯ ಕಲ್ಕಾಜಿಯಲ್ಲಿ 1999ರಲ್ಲಿ ಸುಗತ ಮಿತ್ರ ಅವರು ಗೋಡೆಯಲ್ಲಿ ಕಿಂಡಿ ಕೊರೆದು ಕಂಪ್ಯೂಟರ್ ಇಟ್ಟಿದ್ದು ಕೆಲವರಿಗೆ ನೆನಪಿರಬಹುದು. ಪಕ್ಕದ ಕೊಳೆಗೇರಿಯ ಮಕ್ಕಳು ಒಬ್ಬರಿಗೊಬ್ಬರು ತೋರಿಸಿಕೊಂಡೇ ಅದನ್ನು ಬಳಸಲು ಕಲಿತರು. ದೇಶವಿದೇಶದಲ್ಲಿ ಹೆಸರಾಯಿತು. ಆದರೆ ಮುಂದೆ ಉತ್ತರಾಖಂಡದಲ್ಲಿ ಇಂಥ ಪೆಟ್ಟಿಗೆಗಳನ್ನು ಹುಡುಕಿಕೊಂಡು ಹೋದ ಸಂಶೋಧಕಿಯೊಬ್ಬರಿಗೆ ಕಂಡದ್ದು ಪಾಳುಬಿದ್ದ ಗೂಡುಗಳು. ನಲಿ-ಕಲಿ ಮೇಷ್ಟರು ಹಲಗೆಯ ಮುಂದೆ ನಿಂತು ಪಾಠ ಮಾಡುವವರಿಗಿಂತ ಹೆಚ್ಚು ದುಡಿಯಬೇಕು. ಕಾರ್ಡು ಜೋಡಿಸಬೇಕು, ಯಾರು ಯಾವ ಮೆಟ್ಟಿಲು ಎಂದು ಬರೆದಿಡಬೇಕು, ಯಾವ ಗುಂಪಿನಲ್ಲಿ ಮಾತು ನಿಂತಿತು ಎಂದು ಕಿವಿ ಕೊಡಬೇಕು.

ಈಗ ಅಣ್ಣಾನಗರಕ್ಕೆ. ಹದಿನಾಲ್ಕು ಮಕ್ಕಳ ವಯಸ್ಸು ಬೇರೆಬೇರೆ ಎನ್ನುವುದನ್ನು ತೊಂದರೆ ಎಂದುಕೊಳ್ಳಬೇಡಿ, ಈ ಪದ್ಧತಿಗೆ ಬೇಕಾದದ್ದೇ ಅದು. ಮೊದಲು ಒಂದು ಉದ್ದನೆಯ ಚಾರ್ಟ್ ಹಾಳೆಯಲ್ಲಿ ಏಣಿ ಬರೆದು ಗೋಡೆಗೆ ಅಂಟಿಸಿ. ಹತ್ತು ಹನ್ನೆರಡು ಮೆಟ್ಟಿಲು ಸಾಕು. ಕೆಳಗೆ ಐದಕ್ಷರದ ಪದಗಳು, ನಡುವೆ ಕಾಗುಣಿತ, ಒತ್ತಕ್ಷರ, ಮೇಲೆ ಒಂದು ಪುಟದ ಕತೆ. ಪಕ್ಕದಲ್ಲೇ ಇನ್ನೊಂದು ಏಣಿ ಬೇಕು, ಅದು ಮಾತಿನದು. ಫೋನಿನಲ್ಲಿ ಅಜ್ಜಿಯ ಜೊತೆ ಎರಡು ನಿಮಿಷ ಮಾತಾಡುವುದು, ಸಿಗ್ನಲ್ಲಿನಲ್ಲಿ ಕಂಡದ್ದನ್ನು ಹೇಳುವುದು, ಒಂದು ಜೋಕು ಹೇಳಿ ನಗಿಸುವುದು. ನಗರದ ನಮ್ಮ ಮಕ್ಕಳಿಗೆ ಈ ಎರಡನೇ ಏಣಿ ಇಲ್ಲದಿದ್ದರೆ ಮೊದಲನೆಯದರಿಂದ ಏನೂ ಪ್ರಯೋಜನವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಓದಲು ಬಂದರೂ ಆಡಲು ಬಾರದ ಭಾಷೆ ಬಳ್ಳಾರಿಯ ಹಳೆಯ ಪದ್ಯಗಳ ಹಾಗೆಯೇ ಆಗುತ್ತದೆ.

ಎರಡು ಏಣಿ ಇದ್ದರೆ ಹುಬ್ಬಳ್ಳಿಯ ಹುಡುಗ ಒಂದರಲ್ಲಿ ಕೆಳಗೆ, ಇನ್ನೊಂದರಲ್ಲಿ ತುದಿಯಲ್ಲಿ. ಕಾಗುಣಿತದ ಹುಡುಗಿ ಅದಕ್ಕೆ ತಿರುಗುಮುರುಗು. ಅವರಿಬ್ಬರನ್ನೂ ಒಟ್ಟಿಗೆ ಕೂರಿಸಿ. ಅರ್ಧ ಗಂಟೆ ಅವಳು ಅಕ್ಷರದ ಟೀಚರ್, ಇನ್ನರ್ಧ ಗಂಟೆ ಅವನು ಮಾತಿನ ಮೇಷ್ಟ್ರು. "ನನ್ನ ಮಗಳು ಕಲಿಯಲು ಬಂದವಳು, ಬೇರೆಯವರಿಗೆ ಕಲಿಸಲು ಅಲ್ಲ" ಎಂಬ ತಕರಾರು ಯಾವುದಾದರೂ ಮನೆಯಿಂದ ಬಂದೇ ಬರುತ್ತದೆ. ಅದು ಪೂರ್ತಿ ತಪ್ಪೂ ಅಲ್ಲ. ಒಬ್ಬಳೇ ಸದಾ ಕಲಿಸುತ್ತಿದ್ದರೆ ಅವಳಿಗೆ ಬೇಸರ, ಸದಾ ಕಲಿಸಿಕೊಳ್ಳುವವನಿಗೆ ಕೀಳರಿಮೆ. ಪಾತ್ರ ಅದಲುಬದಲಾಗುತ್ತಿರಲಿ.

ಎಡವುವ ಜಾಗ ಊರಿಂದೂರಿಗೆ ಬೇರೆ ಎಂಬುದನ್ನೂ ಗಮನಿಸಿ. ಶಾಲೆಯಲ್ಲಿ ತಮಿಳು ಓದುವ ಮಗುವಿಗೆ ಕ, ಖ, ಗ, ಘ ಎಂದು ನಾಲ್ಕು ಅಕ್ಷರ ಯಾಕೆ ಬೇಕು ಎಂಬುದೇ ಆಶ್ಚರ್ಯ, ಅಲ್ಲಿ ಒಂದೇ ಸಾಕಲ್ಲ. ಮುಂಬಯಿ, ಪುಣೆಯಲ್ಲಿ ದೇವನಾಗರಿ ಬಲ್ಲ ಮಗುವಿಗೆ ಆ ನಾಲ್ಕೂ ಸಲೀಸು, ಆದರೆ ಎ ಮತ್ತು ಏ, ಒ ಮತ್ತು ಓ ಬೇರೆ ಮಾಡುವುದು ಕಷ್ಟ. ಹೈದರಾಬಾದಿನವರ ಅದೃಷ್ಟವೇ ಬೇರೆ. ತೆಲುಗು ಲಿಪಿ ಬಂದರೆ ಅರ್ಧ ಏಣಿ ಹತ್ತಿದಂತೆಯೇ! ಇದನ್ನೆಲ್ಲ ದೊಡ್ಡವರು ವಿವರಿಸುವುದಕ್ಕಿಂತ, ಹೋದ ವರ್ಷ ಅಲ್ಲೇ ಎಡವಿ ಎದ್ದ ಹತ್ತು ವರ್ಷದ ಹುಡುಗಿ ಹೇಳಲಿ.

ಮೇಡಂ, ನಿಮಗೆ ಉಳಿಯುವ ಕೆಲಸ ಕಡಿಮೆಯೇನಲ್ಲ. ಶನಿವಾರ ರಾತ್ರಿ ಒಂದು ಗಂಟೆ ಕಾರ್ಡು ಬರೆಯಬೇಕು. ಭಾನುವಾರ ಹೊಸ ಮೆಟ್ಟಿಲಿಗೆ ಬಂದ ನಾಲ್ಕು ಮಕ್ಕಳ ಜೊತೆ ಮಾತ್ರ ಕೂತು, ಉಳಿದವರ ಕಡೆ ಕಿವಿ ಇಡಬೇಕು. ಗದ್ದಲ ಇರುತ್ತದೆ, ಇರಲಿ. ಯಾವ ಭಾಷೆಯ ಗದ್ದಲ ಎಂಬುದನ್ನು ಮಾತ್ರ ನೋಡಿ. ಬಿಟ್ಟುಹೋದ ಮೂವರಲ್ಲಿ ಕಾಗುಣಿತ ಬಲ್ಲವರು ಯಾರಾದರೂ ಇದ್ದರೆ ಅವರ ಮನೆಗೆ ಈ ವಾರವೇ ಫೋನ್ ಮಾಡಿ. ಪಾಠ ತಪ್ಪಿತು ಎಂದು ಹೇಳಬೇಡಿ. ಹುಬ್ಬಳ್ಳಿಯ ಹುಡುಗನಿಗೆ 'ಗರಗಸ' ಬರೆಯುವುದನ್ನು ತೋರಿಸಲು ಒಬ್ಬರು ಬೇಕಾಗಿದ್ದಾರೆ, ಬರುತ್ತೀಯಾ ಎಂದು ಕೇಳಿ.